ಉತಾರ ಹೊಲದ್ದು, ಚೀಲ ಯಾರದು?

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪೇಟೆ. ದೂರದ ಊರುಗಳ ಗಾಡಿಗಳು ಹಿಂದಿನ ದಿನವೇ ಚೀಲ ಹೇರಿಕೊಂಡು ಹೊರಡುತ್ತವೆ. ದಾರಿಯಲ್ಲಿ ಯಾರಾದರೂ ತಡೆದು "ಮಾಲು ಯಾರದು?" ಅಂತ ಕೇಳಿದರೆ ರೈತರು ತೋರಿಸುವುದು ಉತಾರ, ಅಂದರೆ ಪಹಣಿ. ಅದರಲ್ಲಿ ಇರುವುದು ಹೊಲದ ಲೆಕ್ಕ. ಚೀಲದ ಲೆಕ್ಕ ಇಲ್ಲ.

ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಬೆಳೆದದ್ದು ನಮ್ಮ ಎರೆಹೊಲದಲ್ಲಿ, ಪೇಟೆಯಲ್ಲಿ ಅದರ ಹೆಸರು 'ಕುಮಟಾ ಹತ್ತಿ'! 1880ರ ದಶಕದಲ್ಲಿ ಗದಗ, ಹುಬ್ಬಳ್ಳಿಗೆ ರೈಲು ಬಂತು. ರೈಲ್ವೆ ರಸೀದಿಯೂ ಬಂತು. ಅದು ಸುಮ್ನೆ ಬಾಡಿಗೆ ಚೀಟಿ ಅಲ್ಲ. 1930ರ ಸರಕು ಮಾರಾಟ ಕಾಯ್ದೆ ಅದನ್ನು ಮಾಲಿನ ಒಡೆತನದ ದಾಖಲೆಗಳ ಸಾಲಿಗೆ ಸೇರಿಸಿತು. ಮಾಲು ಇನ್ನೂ ವ್ಯಾಗನ್‌ನಲ್ಲಿ ಇರುವಾಗಲೇ ರಸೀದಿಯ ಹಿಂದೆ ಸಹಿ ಹಾಕಿ ಇನ್ನೊಬ್ಬರಿಗೆ ಕೊಡಬಹುದಿತ್ತು. ಅದನ್ನು ಒತ್ತೆ ಇಟ್ಟು ಸಾಲ ಎತ್ತಬಹುದಿತ್ತು. ಈ ಅನುಕೂಲ ಜಾಸ್ತಿ ಸಿಕ್ಕಿದ್ದು ವ್ಯಾಪಾರಿಗಳಿಗೆ. ರೈತ ಹತ್ತಿ ಮಾರಿ ಊರಿಗೆ ಹೋದ ಮೇಲೆ ತಾನೇ ಆ ರಸೀದಿ ಹುಟ್ಟುತ್ತಿದ್ದದ್ದು!

ಲಾರಿಯ ಕಾಲಕ್ಕೆ ಬಿಲ್ಟಿ ಬಂತು, ಅಂದರೆ ಲಾರಿಯವರು ಕೊಡುವ ಮಾಲಿನ ರಸೀದಿ. 1966ರ ಎಪಿಎಂಸಿ (ಕೃಷಿ ಮಾರುಕಟ್ಟೆ) ಕಾಯ್ದೆಯ ನಂತರ ಮಾಲು ಸಾಗಿಸಲು ಪರ್ಮಿಟ್, 2018ರ ಏಪ್ರಿಲ್‌ನಿಂದ ಜಿಎಸ್‌ಟಿಯ ಸಾಗಣೆ ಚೀಟಿಯಾದ ಇ-ವೇ ಬಿಲ್. ಎಲ್ಲವೂ ಕೊಂಡವರ, ಸಾಗಿಸುವವರ ಕಾಗದಗಳೇ. ತಾನೇ ಬೆಳೆದದ್ದನ್ನು ಮಾರುವ ರೈತ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಒಳ್ಳೆಯದೇ. ಆದರೆ ಅದೇ ಕಾರಣಕ್ಕೆ ಬಿಲ್ ಪುಸ್ತಕವೂ ಅವರ ಹತ್ತಿರ ಇರುವುದಿಲ್ಲ. ಮತ್ತೆ ಉತಾರವೇ ಗತಿ.

ಸ್ವಂತ ಹೊಲ ಇದ್ದವರಿಗೆ ಅಷ್ಟು ಸಾಕು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದ ಮೇಲೆ ಕಂಪ್ಯೂಟರ್ ಉತಾರ ಸುಲಭವಾಗಿ ಸಿಗುತ್ತಿದೆ. ನನ್ನ ಚಿಂತೆ ಲಾವಣಿ ಹಾಕಿಕೊಂಡವರದು, ಅಂದರೆ ಇನ್ನೊಬ್ಬರ ಹೊಲವನ್ನು ಗೇಣಿಗೆ ಮಾಡುವವರದು. 1974ರಲ್ಲಿ ಭೂ ಸುಧಾರಣೆ ಕಾಯ್ದೆಗೆ ಬಂದ ತಿದ್ದುಪಡಿ ಎಷ್ಟೋ ಉಳುವವರಿಗೆ ಹೊಲ ಕೊಟ್ಟಿತು, ಗೇಣಿಯನ್ನೇ ತೆಗೆಯಿತು. ಆದರೂ ಲಾವಣಿ ನಡೆದೇ ಇದೆ, ಬರೀ ಬಾಯಿಮಾತಿನಲ್ಲಿ. ಬೀಜ, ಗೊಬ್ಬರ, ಆಳಿನ ಖರ್ಚು ಅವರದು. ಉತಾರದಲ್ಲಿ ಹೆಸರು ಇನ್ನೊಬ್ಬರದು. 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರಿಗೆ ಜಾಗ ಇದೆ. ಬರೆಸಲು ಮಾಲೀಕರಿಗೆ ಅಂಜಿಕೆ. ಇವತ್ತು ಹೆಸರು ಬಂದರೆ ನಾಳೆ ಹೊಲ ಕೇಳಿದರೆ ಅಂತ. ಆ ಅಂಜಿಕೆ ಸುಳ್ಳು ಅಂತಲೂ ಹೇಳಲಾಗದು, ಅಲ್ವಾ?

ಕೊನೆಗೆ ಅಡತಿ ಅಂಗಡಿಯಲ್ಲಿ, ಅಂದರೆ ಪೇಟೆಯ ದಲಾಲರ ಹತ್ತಿರ, ತೂಕ ಆಗಿ ಮಾರಾಟದ ಪಟ್ಟಿ ಕೈಗೆ ಬರುತ್ತದೆ. ಮಾಲು ತಂದವರ ಹೆಸರು ಅದರಲ್ಲಿ ಇರುತ್ತದೆ. ಲಾವಣಿ ರೈತರಿಗೆ ಈ ಚೀಲ ತಮ್ಮದು ಎಂದು ಹೇಳುವ ಮೊದಲ ಕಾಗದ ಅದೇ. ಅಷ್ಟೊತ್ತಿಗೆ ಚೀಲ ಮಾರಾಟವಾಗಿರುತ್ತದೆ.