ಭಾಷೆ ಕೇಳಿ ವಂಶ ಹೇಳಬೇಡಿ

ನನ್ನ ಕೆಲಸ ಜನಸಮುದಾಯಗಳ ಡಿಎನ್‌ಎ ಓದುವುದು. ಉಪನ್ಯಾಸ ಮುಗಿದ ಕೂಡಲೇ ಯಾರಾದರೂ ಕೇಳಿಯೇ ಕೇಳುತ್ತಾರೆ, "ಸಾರ್, ಆಸ್ಟ್ರೋನೇಷ್ಯನ್ ಜೀನ್ ಯಾವುದು?" ಅಂಥದ್ದೊಂದು ಇಲ್ಲ ಸ್ವಾಮಿ! ಅದು ಮಡಗಾಸ್ಕರ್‌ನಿಂದ ಈಸ್ಟರ್ ದ್ವೀಪದವರೆಗೆ ಹರಡಿರುವ ಭಾಷಾ ಕುಟುಂಬ. ಅದನ್ನು ಆಡುವವರೆಲ್ಲ ದಾಯಾದಿಗಳು ಅಂತೇನಿಲ್ಲ.

ಪೆಸಿಫಿಕ್ ಸಾಗರದ ದ್ವೀಪದೇಶ ವನುವಾಟು ನೋಡಿ. ಅಲ್ಲಿನ ಎಫಾಟೆ ದ್ವೀಪದ ತೆಯೌಮಾದಲ್ಲಿ ಸುಮಾರು 3000 ವರ್ಷ ಹಳೆಯ ಸ್ಮಶಾನವಿದೆ, ಲಪಿಟಾ ಮಡಕೆ ಮಾಡುತ್ತಿದ್ದ ಮೊದಲ ವಲಸಿಗರದ್ದು. ಅಲ್ಲಿನ ಮೂವರ ಡಿಎನ್‌ಎ ಫಲಿತಾಂಶ 2016ರಲ್ಲಿ ಬಂತು. ತೈವಾನ್, ಫಿಲಿಪೈನ್ಸ್ ಮೂಲನಿವಾಸಿಗಳಿಗೆ ತುಂಬಾ ಹತ್ತಿರ, ಪಾಪುವಾ ಕಡೆಯ, ಅಂದರೆ ನ್ಯೂಗಿನಿ ಸುತ್ತಮುತ್ತಲ ಮೂಲನಿವಾಸಿಗಳ, ಪಾಲು ಇಲ್ಲವೆನ್ನುವಷ್ಟು ಕಡಿಮೆ. ಇವತ್ತಿನ ವನುವಾಟು ಜನರಲ್ಲಿ ಹೆಚ್ಚಿನ ಪಾಲು ಪಾಪುವಾ ಕಡೆಯದ್ದೇ. ಆಮೇಲೆ ನ್ಯೂಗಿನಿ ಪಕ್ಕದ ಬಿಸ್ಮಾರ್ಕ್ ದ್ವೀಪಗಳ ಕಡೆಯಿಂದ ಜನ ಬಂದರು, ಬೆರೆತರು. ಭಾಷೆ ಮಾತ್ರ ಬದಲಾಗಲಿಲ್ಲ, ಅಲ್ಲಿನ ನೂರಕ್ಕೂ ಹೆಚ್ಚು ಸ್ಥಳೀಯ ಭಾಷೆಗಳೆಲ್ಲ ಈಗಲೂ ಆಸ್ಟ್ರೋನೇಷ್ಯನ್. ಹಾಗಂತ ಒಂದು ದಂಡು ಬಂದು ಹಳಬರನ್ನು ಅಳಿಸಿಹಾಕಿತು ಅಂತ ಕಥೆ ಕಟ್ಟಬೇಡಿ. ತಲೆಮಾರುಗಟ್ಟಲೆ ಸ್ವಲ್ಪಸ್ವಲ್ಪವೇ ಆದ ಬೆರಕೆ ಅನ್ನುವುದಕ್ಕೆ ಪುರಾವೆ ಜಾಸ್ತಿ.

ಇನ್ನೊಂದು ತಕರಾರು. ವನುವಾಟುವಿನಿಂದ ಪೂರ್ವಕ್ಕಿರುವ ಪಾಲಿನೇಷ್ಯಾ ದ್ವೀಪಗಳವರ ತಾಯಿ ಕಡೆಯ ಗೆರೆ ಬಹುಪಾಲು ಏಷ್ಯಾದ್ದು, ತಂದೆ ಕಡೆಯ ಗೆರೆಯಲ್ಲಿ ಪಾಪುವಾದ್ದೇ ಹೆಚ್ಚು. ಅಂದರೆ ಒಬ್ಬನೇ ಮನುಷ್ಯನಿಗೆ ಒಂದು ಪರೀಕ್ಷೆ ಏಷ್ಯಾ ಅನ್ನಬಹುದು, ಇನ್ನೊಂದು ಪಾಪುವಾ ಅನ್ನಬಹುದು, ಎರಡೂ ಸುಳ್ಳಲ್ಲ. ಹತ್ತು ತಲೆಮಾರು ಹಿಂದೆ ಹೋದರೆ ಲೆಕ್ಕಕ್ಕೆ 1024 ಹಿರಿಯರು. ತಾಯಿ ಕಡೆಯ ಪರೀಕ್ಷೆ ಹೇಳುವುದು ಅವರಲ್ಲಿ ಒಬ್ಬಳ ವಿಷಯ. ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ, ಹೀಗೆ ಒಂದೇ ಗೆರೆ. ನಿಮ್ಮನ್ನು ಎತ್ತಿ ಆಡಿಸಿದ ಅಪ್ಪನ ಅಮ್ಮ ಕೂಡ ಅದರಲ್ಲಿ ಬರುವುದಿಲ್ಲ!

ಇದನ್ನೇ ಒಬ್ಬ ನಿವೃತ್ತ ಮೇಷ್ಟ್ರಿಗೆ ಹೇಳುವಷ್ಟರಲ್ಲಿ ಸುಸ್ತಾದೆ. ಉಗುಳು ಪರೀಕ್ಷೆಯ ರಿಪೋರ್ಟ್ ತಂದಿದ್ದರು, ಪಾಪ, ಪ್ಲಾಸ್ಟಿಕ್ ಕವರ್ ಹಾಕಿಸಿಕೊಂಡು. "ನಂದು ಎಮ್ ಗುಂಪು. ಅಂದ್ರೆ ಅಪ್ಪಟ ದ್ರಾವಿಡ, ಅಲ್ವಾ?" ಎಮ್ ಅನ್ನುವುದು ತಾಯಿ ಕಡೆಯ ಗೆರೆಯ ಒಂದು ಗುಂಪು, ಅದು ಹಿಂದಿ, ಮರಾಠಿ ಆಡುವವರಲ್ಲೂ ಬೇಕಾದಷ್ಟಿದೆ ಅಂದೆ. ಮುಖ ಸಪ್ಪಗಾಯಿತು. ಕಾಫಿ ಮಾತ್ರ ಅವರೇ ಕೊಡಿಸಿದರು.

ಮಡಗಾಸ್ಕರ್ ಇನ್ನೂ ಮಜಾ. ಅಲ್ಲಿನ ಮಲಗಾಸಿ ಭಾಷೆಗೆ ಹತ್ತಿರದ ನೆಂಟ ಬೋರ್ನಿಯೊದ ಮಾಅನ್ಯಾನ್, ಮಧ್ಯೆ ಇಡೀ ಹಿಂದೂ ಮಹಾಸಾಗರ. ಜನರಲ್ಲಿ ಏಷ್ಯಾ, ಆಫ್ರಿಕಾ ಎರಡೂ ಪಾಲಿವೆ. ಕರಾವಳಿಯಲ್ಲಿ ಆಫ್ರಿಕಾದ್ದು ಹೆಚ್ಚು, ನಡುವಿನ ಎತ್ತರದ ನಾಡಿನಲ್ಲಿ ಏಷ್ಯಾದ್ದು ಹೆಚ್ಚು. ಇಬ್ಬರೂ ಆಡುವುದು ಮಲಗಾಸಿಯನ್ನೇ.