ನಕ್ಷತ್ರಮೀನಿನ ಲಾರ್ವಾ, ಬೆಚ್ಚಗಾಗುವ ಕಡಲು: ಈಜಿನ ವೇಗ ಬದಲಾಗುವುದೇಕೆ?

"ಉಷ್ಣತೆ ಏರಿದರೆ ಜೀವಕ್ರಿಯೆ ಚುರುಕಾಗುತ್ತದೆ, ಹಾಗಾಗಿ ಲಾರ್ವಾ ವೇಗವಾಗಿ ಈಜುತ್ತದೆ." ನಕ್ಷತ್ರಮೀನಿನ ಲಾರ್ವಾ, ಅಂದರೆ ಅದರ ಮರಿರೂಪ, ಬೆಚ್ಚಗಿನ ನೀರಿನಲ್ಲಿ ಬೇರೆ ವೇಗದಲ್ಲಿ ಈಜುವುದೇಕೆ ಎಂಬ ಪ್ರಶ್ನೆಗೆ ಇಷ್ಟೇ ಬರೆದರೆ ಅರ್ಧ ಉತ್ತರವಾಯಿತು. ಉಳಿದ ಅರ್ಧ ಲಾರ್ವಾದ ಮೈಯಲ್ಲಿಲ್ಲ, ನೀರಿನಲ್ಲಿದೆ.

ಬೈಪಿನ್ನೇರಿಯಾ ಎಂದು ಕರೆಯುವ ಈ ಲಾರ್ವಾದ ಗಾತ್ರ ಒಂದು ಮಿಲಿಮೀಟರ್ ಆಸುಪಾಸು. ಮೈಮೇಲೆ ಪಟ್ಟಿಯಾಗಿ ಹಬ್ಬಿದ ಸಿಲಿಯಾ ಎಂಬ ಸೂಕ್ಷ್ಮ ರೋಮಗಳ ಬಡಿತದಿಂದಲೇ ಅದು ಈಜುತ್ತದೆ, ಪಾಚಿಯ ಕಣಗಳನ್ನು ಹಿಡಿಯುವುದೂ ಅದರಿಂದಲೇ. ಈ ಅಳತೆಯಲ್ಲಿ ಜಡತ್ವಕ್ಕೆ ಹೆಚ್ಚು ಬೆಲೆಯಿಲ್ಲ. ಬಡಿತ ನಿಂತರೆ ಚಲನೆಯೂ ತಕ್ಷಣ ನಿಲ್ಲುತ್ತದೆ. ಎಲ್ಲವನ್ನೂ ಆಳುವುದು ನೀರಿನ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ. ಆರಿದ ಬೆಲ್ಲದ ಪಾಕ ಗಟ್ಟಿಯಾಗಿ ಎಳೆಯುತ್ತದಲ್ಲ, ತಣ್ಣನೆಯ ನೀರು ಲಾರ್ವಾಗೆ ಹಾಗೆ. ಸಮುದ್ರದ ನೀರು 10ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಸ್ನಿಗ್ಧತೆ ಶೇ. 20ಕ್ಕಿಂತ ಹೆಚ್ಚು ಇಳಿಯುತ್ತದೆ.

ಉಷ್ಣತೆ ಬದಲಾದರೆ ಲಾರ್ವಾದ ಜೀವಕ್ರಿಯೆ, ನೀರಿನ ಸ್ನಿಗ್ಧತೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಹಾಗಾದರೆ ಅವುಗಳ ಪರಿಣಾಮವನ್ನು ಬೇರ್ಪಡಿಸುವುದು ಹೇಗೆ? ಪೊಡೊಲ್‌ಸ್ಕಿ ಮತ್ತು ಎಮ್ಲೆಟ್ ಎಂಬ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಅವರು ಬಳಸಿದ್ದು ನಕ್ಷತ್ರಮೀನಿನ ಬಂಧುವಾದ ಸ್ಯಾಂಡ್ ಡಾಲರ್‌ನ ಲಾರ್ವಾ. ಬೆಚ್ಚಗಿನ ನೀರಿಗೆ ಪಾಲಿವಿನೈಲ್ ಪೈರೊಲಿಡೋನ್ ಎಂಬ ಪಾಲಿಮರ್ ಬೆರೆಸಿ, ಉಷ್ಣತೆ 22 ಡಿಗ್ರಿಯಲ್ಲೇ ಇದ್ದರೂ ಸ್ನಿಗ್ಧತೆ ಮಾತ್ರ 12 ಡಿಗ್ರಿಯ ನೀರಿನಷ್ಟಾಗುವಂತೆ ಮಾಡಿದರು. 22ರಿಂದ 12ಕ್ಕೆ ಇಳಿದಾಗ ಕಂಡ ವೇಗದ ಇಳಿಕೆಯಲ್ಲಿ ಸುಮಾರು ಶೇ. 40 ಭಾಗ ಸ್ನಿಗ್ಧತೆಯೊಂದರಿಂದಲೇ ಆಗಿತ್ತು! ಆ ಭಾಗಕ್ಕೆ ಜೀವಕ್ರಿಯೆ ನಡೆಸುವ ಕಿಣ್ವಗಳ ವೇಗ ಕಾರಣವಲ್ಲ. ಹಾಗಾಗಿ ಬೆಚ್ಚಗಿನ ನೀರಿನಲ್ಲಿ ವೇಗ ಹೆಚ್ಚಿತೆಂದ ಮಾತ್ರಕ್ಕೆ ಲಾರ್ವಾ ಆರೋಗ್ಯವಾಗಿದೆ ಎಂದು ಬರೆಯಬೇಡಿ. ಸಿಲಿಯಾ ಬಡಿತಕ್ಕೂ ಒಂದು ಮಿತಿಯಿದೆ. ಆ ಉಷ್ಣತೆ ದಾಟಿದರೆ ನೀರು ಎಷ್ಟೇ ತೆಳುವಾಗಿದ್ದರೂ ಬಡಿತ ಕುಗ್ಗುತ್ತದೆ.

ವೇಗವೊಂದೇ ವರ್ತನೆಯೂ ಅಲ್ಲ. ಪಟೀರಿಯಾ ಮಿನಿಯಾಟಾ ಎಂಬ ನಕ್ಷತ್ರಮೀನಿನ ಲಾರ್ವಾ ಮೈಯ ಕೆಲವೆಡೆ ಸಿಲಿಯಾಗಳನ್ನು ಹಿಮ್ಮುಖವಾಗಿ ಬಡಿದು ಸುತ್ತಲೂ ಸುಳಿಗಳನ್ನು ಎಬ್ಬಿಸುತ್ತದೆ ಎಂದು ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ತೋರಿಸಿದರು. ಸುಳಿಗಳು ಹೆಚ್ಚಿದ್ದರೆ ಆಹಾರ ಹೆಚ್ಚು ಸಿಗುತ್ತದೆ, ಈಜು ನಿಧಾನ. ಬೆಚ್ಚಗಿನ ನೀರಿನಲ್ಲಿ ಲಾರ್ವಾದ ಆಹಾರದ ಅಗತ್ಯವೂ ಏರುವುದರಿಂದ, ವೇಗದ ಜೊತೆ ಸುಳಿಗಳನ್ನೂ ಅಳೆಯಬೇಕು.

"ವೇಗ ಹೆಚ್ಚಿದರೆ ದೂರ ಹರಡುತ್ತದೆ" ಎಂಬುದನ್ನೂ ಪರೀಕ್ಷಿಸಿ ನೋಡಿ. ಅಡ್ಡಡ್ಡ ಕೊಂಡೊಯ್ಯುವುದು ಪ್ರವಾಹ. ಲಾರ್ವಾದ ಈಜು ಮುಖ್ಯವಾಗಿ ಅದು ಯಾವ ಆಳದ ಪ್ರವಾಹದಲ್ಲಿ ಇರಬೇಕೆಂಬುದನ್ನು ನಿರ್ಧರಿಸುತ್ತದೆ. ಸಹಿಸಬಲ್ಲಷ್ಟು ಬೆಚ್ಚಗಾದಾಗ ಬೆಳವಣಿಗೆ ಬೇಗ ಮುಗಿದು ತೇಲುವ ದಿನಗಳು ಕಡಿಮೆಯಾಗುತ್ತವೆ. ಹೀಗಾಗಿ ವೇಗವಾಗಿ ಈಜುವ ಲಾರ್ವಾ ಹುಟ್ಟಿದ ಕರಾವಳಿಗೆ ಹತ್ತಿರದಲ್ಲೇ ನೆಲೆಯೂರಬಹುದು.