ಚೈತ್ರ ಮಾಸ: ಹಬ್ಬದ ದಿನ ನಿಶ್ಚಯಿಸುವ ಬಗೆ (ಅಧ್ಯಯನ ಟಿಪ್ಪಣಿ)

ಚೈತ್ರದ ಹಬ್ಬಗಳನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಯಾವ ಹಬ್ಬ ಯಾವ ದಿನ, ಆ ದಿನವೇ ಏಕೆ ಎಂದು ಪಂಚಾಂಗ ಬಿಡಿಸಿ ಹೇಳಲು ಬರಬೇಕು. ಅದಕ್ಕೆ 2026ರ ಪರಾಭವ ಸಂವತ್ಸರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಲಿಯುವವರು ಎಡವುವ ಜಾಗಗಳೆಲ್ಲ ಆ ವರ್ಷದ ಚೈತ್ರದಲ್ಲೇ ಸಿಗುತ್ತವೆ.

ಮಾಸ ಗುರುತಿಸುವುದು

ನಮ್ಮಲ್ಲಿ ಮಾಸ ಮುಗಿಯುವುದು ಅಮಾವಾಸ್ಯೆಗೆ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ಮೇಷ ರಾಶಿಗೆ ಬಂದರೆ ಅದು ಚೈತ್ರ. 2026ರಲ್ಲಿ ಒಂದು ಅಮಾವಾಸ್ಯೆ ಮಾರ್ಚ್ 19ರ ಬೆಳಿಗ್ಗೆ ಮುಗಿಯುತ್ತದೆ, ಮುಂದಿನದು ಏಪ್ರಿಲ್ 17ರ ಸಂಜೆ. ಸೂರ್ಯ ಮೇಷಕ್ಕೆ ಬರುವ ಗಳಿಗೆ, ಅಂದರೆ ಮೇಷ ಸಂಕ್ರಾಂತಿ, ಏಪ್ರಿಲ್ 14ಕ್ಕೆ, ಅಂದರೆ ಇವೆರಡರ ನಡುವೆಯೇ ಬಿತ್ತು. ಸಂಕ್ರಾಂತಿಯೇ ಬೀಳದ ಮಾಸ ಅಧಿಕ. ಅದೇ ವರ್ಷ ಮೇ 17ರಿಂದ ಜೂನ್ 15ರ ಬೆಳಗಿನವರೆಗೆ ಸಂಕ್ರಾಂತಿ ಇಲ್ಲ. ಮಿಥುನ ಸಂಕ್ರಾಂತಿ ಬರುವುದು ಅಮಾವಾಸ್ಯೆ ಮುಗಿದ ಮೇಲೆ, ಜೂನ್ 15ರಂದೇ. ಆದ್ದರಿಂದ ಅದು ಅಧಿಕ ಜ್ಯೇಷ್ಠ.

ಉತ್ತರದವರ ಪಂಚಾಂಗ ನೋಡುವಾಗ ಎಚ್ಚರ ಬೇಕು. ಅವರಿಗೆ ಮಾಸ ಹುಣ್ಣಿಮೆಗೆ ಮುಗಿಯುವುದರಿಂದ ನಮ್ಮ ಚೈತ್ರ ಬಹುಳ (ಕೃಷ್ಣ ಪಕ್ಷ) ಅವರಿಗೆ ವೈಶಾಖ ಕೃಷ್ಣ. ಶುಕ್ಲ ಪಕ್ಷದಲ್ಲಿ ಮಾತ್ರ ಇಬ್ಬರ ಮಾಸವೂ ಒಂದೇ. ಸರ್ಕಾರಿ ರಾಷ್ಟ್ರೀಯ ಪಂಚಾಂಗದ ಚೈತ್ರವಂತೂ ಬೇರೆಯೇ: ಮಾರ್ಚ್ 22ಕ್ಕೆ, ಫೆಬ್ರವರಿಗೆ 29 ದಿನವಿರುವ ವರ್ಷದಲ್ಲಿ 21ಕ್ಕೆ ಶುರು. ಅದನ್ನು ಹಿಡಿದು ಹಬ್ಬ ಲೆಕ್ಕ ಹಾಕಬಾರದು.

ಯುಗಾದಿ: ಕ್ಷಯ ತಿಥಿಯ ತೊಡಕು

ಸೂರ್ಯನಿಗಿಂತ ಚಂದ್ರ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ, ಹಾಗಾಗಿ ತಿಥಿ ಸುಮಾರು 19ರಿಂದ 26 ಗಂಟೆಯವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ ಎಂಬುದು ಸಾಮಾನ್ಯ ನಿಯಮ.

2026ರ ಮಾರ್ಚ್ 19ರಂದು ಶಿವಮೊಗ್ಗದಲ್ಲಿ ಸೂರ್ಯೋದಯ ಸುಮಾರು 6:32ಕ್ಕೆ. ಆಗ ಇನ್ನೂ ಅಮಾವಾಸ್ಯೆ. ಯುಗಾದಿಯ ತಿಥಿಯಾದ ಪಾಡ್ಯ (ಪಕ್ಷದ ಮೊದಲ ತಿಥಿ) ಹಿಡಿಯುವುದು 6:52ಕ್ಕೆ, ಬಿಡುವುದು ಮರುದಿನ ಬೆಳಗಿನ ಜಾವ 4:52ಕ್ಕೆ. ಎರಡು ಸೂರ್ಯೋದಯಗಳಲ್ಲಿ ಒಂದಕ್ಕೂ ಪಾಡ್ಯ ಸಿಗಲಿಲ್ಲ. ಇದೇ ಕ್ಷಯ ತಿಥಿ. ಹಾಗೆಂದು ಹಬ್ಬ ಬಿಡುವಂತಿಲ್ಲ, ಪಾಡ್ಯ ಹರಡಿಕೊಂಡಿರುವ 19ರಂದೇ ಯುಗಾದಿ. ಆ ಸಂಜೆಗೆ ಅಮಾವಾಸ್ಯೆ ಮುಗಿದು ಹನ್ನೆರಡು ಗಂಟೆಯೂ ತುಂಬಿರುವುದಿಲ್ಲ, ಚಂದ್ರ ಹುಡುಕಿದರೂ ಕಾಣದು. ಯುಗಾದಿ ಚಂದ್ರನನ್ನು ನೋಡಲು 20ರ ಸಂಜೆ ಪಶ್ಚಿಮದ ಗುಡ್ಡ ಅಡ್ಡ ಬಾರದ ಬಯಲಿನಲ್ಲಿ ನಿಲ್ಲಬೇಕು.

ಯುಗಾದಿಯ ಬೇವು-ಬೆಲ್ಲಕ್ಕೆ ಬೇಕಾದ ಬೇವು ಮಳೆ ಕಡಿಮೆ ಇರುವ ಕಡೆಯ ಮರ. ಶಿಕಾರಿಪುರದ ಬಯಲು ಕಡೆ ಸಿಕ್ಕಷ್ಟು ತೀರ್ಥಹಳ್ಳಿ, ಹೊಸನಗರದ ಕಡೆ ಸಿಗದು. ಹೂವನ್ನು ಮುಂಚೆಯೇ ತರಿಸಿ ನೆರಳಲ್ಲಿ ಒಣಗಿಸಿಟ್ಟರೆ ಒಳ್ಳೆಯದು. ಒಂದು ಚಮಚ ಹೂವಿಗೆ ನಾಲ್ಕು ಚಮಚ ಪುಡಿ ಬೆಲ್ಲ ಸಾಕು. ಬಲಿತ ಎಲೆ ಹಾಕಿದರೆ ಬರೀ ಕಹಿ, ಚಿಗುರೇ ಬೇಕು.

ರಾಮನವಮಿ: ಇಲ್ಲಿ ಮಧ್ಯಾಹ್ನವೇ ಮುಖ್ಯ

ರಾಮ ಹುಟ್ಟಿದ್ದು ನಡುಹಗಲಲ್ಲಿ. ಆದ್ದರಿಂದ ಮಧ್ಯಾಹ್ನಕ್ಕೆ ನವಮಿ ಇರುವ ದಿನವೇ ಹಬ್ಬ. ಹಗಲನ್ನು ಐದು ಭಾಗ ಮಾಡಿ, ಮೂರನೆಯದು ಮಧ್ಯಾಹ್ನ. ಮಾರ್ಚ್ 26ರ ಶಿವಮೊಗ್ಗದ ಹಗಲಿಗೆ ಅದು ಸುಮಾರು 11:20ರಿಂದ 1:45. ನವಮಿ 26ರ 11:48ಕ್ಕೆ ಶುರುವಾಗಿ 27ರ 10:06ಕ್ಕೆ ಮುಗಿಯುತ್ತದೆ. ಸೂರ್ಯೋದಯದ ನಿಯಮ ಹಿಡಿದರೆ 27, ಮಧ್ಯಾಹ್ನದ ನಿಯಮ ಹಿಡಿದರೆ 26. ಎರಡು ಮನೆಗಳಲ್ಲಿ ಎರಡು ದಿನ ಹಬ್ಬವಾದರೆ ಪಂಚಾಂಗ ತಪ್ಪಿದೆ ಎಂದು ಅರ್ಥವಲ್ಲ, ಅನುಸರಿಸಿದ ನಿಯಮ ಬೇರೆ.

ಪಾನಕಕ್ಕೆ ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಅಷ್ಟೇ ಶುಂಠಿ ಪುಡಿ, ಮೂರು ಏಲಕ್ಕಿ, ಒಂದು ನಿಂಬೆಹಣ್ಣು. ಬೆಲ್ಲ ಕರಗಿದ ಮೇಲೆ ಸೋಸಲೇಬೇಕು, ಇಲ್ಲದಿದ್ದರೆ ಮಣ್ಣು ತಳದಲ್ಲಿ ಕೂರುತ್ತದೆ. ಕೋಸಂಬರಿಯ ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು, ರಾತ್ರಿಯಿಡೀ ನೆನೆದರೆ ಮೆತ್ತಗಾಗಿ ಹುಳಿವಾಸನೆ ಬರುತ್ತದೆ. ಉಪ್ಪು ಬಡಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ತ್ರಯೋದಶಿ, ಹುಣ್ಣಿಮೆ

ಶುದ್ಧ (ಶುಕ್ಲ ಪಕ್ಷದ) ತ್ರಯೋದಶಿ ಮಹಾವೀರ ಜಯಂತಿ. ಹೊಸನಗರ ತಾಲ್ಲೂಕಿನ ಹೊಂಬುಜ ನಮ್ಮ ಭಾಗದ ಮುಖ್ಯ ಜೈನ ಕ್ಷೇತ್ರ. ಚೈತ್ರದ ಹುಣ್ಣಿಮೆಯೇ ದವನದ ಹುಣ್ಣಿಮೆ, ಅಕ್ಕಮಹಾದೇವಿ ಜಯಂತಿ. ಅಕ್ಕನ ಊರು ಉಡುತಡಿ ಶಿಕಾರಿಪುರ ತಾಲ್ಲೂಕಿನದು. ಹನುಮ ಜಯಂತಿಯನ್ನೂ ಹಲವರು ಇದೇ ದಿನ ಮಾಡುತ್ತಾರೆ. 2026ರಲ್ಲಿ ಹುಣ್ಣಿಮೆ ಏಪ್ರಿಲ್ 1ರ ಬೆಳಿಗ್ಗೆ ಏಳು ದಾಟಿದ ಮೇಲೆ ಹಿಡಿದು 2ರ 7:41ರವರೆಗೆ ಇದೆ. ರಾತ್ರಿ ಪೂಜೆಗೆ ಸಿಗುವುದು 1ನೇ ತಾರೀಕು, ಸೂರ್ಯೋದಯಕ್ಕೆ ಸಿಗುವುದು 2.

ಮಳೆ ನಕ್ಷತ್ರ

ಇದೇ ಪಂಚಾಂಗದಲ್ಲಿ ಮಳೆಯ ಲೆಕ್ಕ ಮಾತ್ರ ಸೂರ್ಯನದು. ಸೂರ್ಯ ಅಶ್ವಿನಿಗೆ ಬರುವ ಏಪ್ರಿಲ್ 14ಕ್ಕೆ ಅಶ್ವಿನಿ ಮಳೆ, ಸುಮಾರು ಹದಿಮೂರು ದಿನದ ನಂತರ ಭರಣಿ. ಯುಗಾದಿ ಹಿಂದೆಮುಂದೆ ಸರಿದರೂ ಈ ತಾರೀಕುಗಳು ಹೆಚ್ಚು ಕದಲವು. ತಿಥಿಯ ಸಾಲನ್ನೂ ಮಳೆ ನಕ್ಷತ್ರದ ಸಾಲನ್ನೂ ಬೆರೆಸಿ ಓದಿದರೆ ಉತ್ತರ ತಪ್ಪುತ್ತದೆ.